ಲೀಕು ಕತ್ತರಿಸಿದ ವರ್ಷ

ಬಿಷಪ್ ಆಕ್ಲೆಂಡ್, ಡರಮ್, ಇಂಗ್ಲೆಂಡ್
೧೨ ಫೆಬ್ರವರಿ ೧೯೯೮

ಪ್ರೀತಿಯ ನೋರಾ,

ಅಕ್ಷರ ಯಾರದೆಂದು ತಲೆ ಕೆರೆದುಕೊಳ್ಳಬೇಡ. ವಿಕನ್‌ಲಾ ಊರಿನ ಮೂರನೇ ಸಾಲಿನಲ್ಲಿ ನಿಮ್ಮ ಗೋಡೆಗೆ ಗೋಡೆ ಅಂಟಿಕೊಂಡಿದ್ದ ಮನೆಯ ಆಡ್ರಿ ನಾನು, ವಿಲ್ಫ್ ಸ್ಟೋಬರ್ಟ್‌ನ ಮಗಳು. ನಮ್ಮಮ್ಮ ಒಲೆ ಕೆದಕುವ ಕಬ್ಬಿಣದಿಂದ ಗೋಡೆಗೆ ಎರಡು ಪೆಟ್ಟು ಕೊಟ್ಟರೆ ನಿಮ್ಮಮ್ಮ ಕೈ ಒರೆಸಿಕೊಳ್ಳುತ್ತ ಚಹಾಕ್ಕೆ ಬರುತ್ತಿದ್ದಳಲ್ಲ, ಅದೇ ಮನೆ. ನಿನ್ನ ವಿಳಾಸ ಬೆಟ್ಟಿ ರೇನ್ ಕೊಟ್ಟಳು. ಅವಳಿಗೆ ಪ್ರತಿ ಕ್ರಿಸ್‌ಮಸ್‌ಗೂ ಕಾರ್ಡು ಕಳಿಸುತ್ತೀಯಂತೆ. ನನಗೆ ಕಳಿಸಲಿಲ್ಲವೆಂದು ದೂರುತ್ತಿಲ್ಲ ಮಾರಾಯ್ತಿ, ನಾನೂ ನಲವತ್ತೊಂದು ವರ್ಷ ಬಾಯಿಗೆ ಬೀಗ ಹಾಕಿಕೊಂಡೇ ಇದ್ದೆ.

ಊರು ಹೋಯಿತು, ನಿನಗೂ ಸುದ್ದಿ ಮುಟ್ಟಿರಬೇಕು. ಗಣಿ ಮುಗಿಯುತ್ತ ಬಂದ ಊರುಗಳಿಗೆಲ್ಲ ‘ಡಿ’ ದರ್ಜೆ ಎಂದು ಹಣೆಪಟ್ಟಿ ಹಚ್ಚಿದರು. ಹೊಸ ಮನೆ ಕಟ್ಟಬೇಡಿ, ಹಳೆಯದಕ್ಕೆ ಸುಣ್ಣ ಬಳಿಯಬೇಡಿ, ತಾನಾಗಿ ಸಾಯಲಿ ಎಂದು. ಅರವತ್ತೊಂಬತ್ತರಲ್ಲಿ ಬುಲ್ಡೋಜರ್ ಬಂತು. ಈಗ ನಮ್ಮ ಅಡುಗೆಮನೆ ಇದ್ದಲ್ಲಿ ಕುರಿ ಮೇಯುತ್ತವೆ. ಪ್ರಾರ್ಥನಾಮಂದಿರ ಒಂದು ಉಳಿದಿದೆ, ಅದರೊಳಗೆ ಯಾರೋ ಕಾರು ರಿಪೇರಿ ಮಾಡುತ್ತಾರೆ.

ನಾವು ಉಳಿದ ಏಳೆಂಟು ಮಂದಿ ಮಂಗಳವಾರ ಮಂಗಳವಾರ ಇಲ್ಲಿನ ಲೈಬ್ರರಿಯಲ್ಲಿ ಸೇರುತ್ತೇವೆ. ಸೇರಿ ಜಗಳವಾಡುತ್ತೇವೆ. ನೀರಿನ ಪಂಪು ಎರಡನೇ ಸಾಲಿನ ತುದಿಯಲ್ಲಿತ್ತೋ ಮೂರನೆಯದರಲ್ಲೋ ಎಂದು ಮುದುಕ ಜಾಕಿ ಹೆರಾನ್ ಮೇಜು ಗುದ್ದುತ್ತಾನೆ. ಒಬ್ಬೊಬ್ಬರದು ಒಂದೊಂದು ವಿಕನ್‌ಲಾ. ಎಲ್ಲವನ್ನೂ ಸೇರಿಸಿ ಒಂದು ಪುಸ್ತಕ ಮಾಡೋಣವೆಂದು ಹೊರಟಿದ್ದೇವೆ. ಬರೆಯಲು ಬರುವವಳು ನಾನೊಬ್ಬಳೇ ಎಂದು ನನ್ನ ಕುತ್ತಿಗೆಗೆ ಕಟ್ಟಿದ್ದಾರೆ. ಊರು ಉಳಿಯಲಿಲ್ಲ, ನೋರಾ. ನಾಳೆ ಮೊಮ್ಮಕ್ಕಳಿಗೆ ಊರು ಎಂದರೆ ಈ ಪುಸ್ತಕವೇ.

ಶಾಲೆಯಲ್ಲಿ ಪ್ರಬಂಧಕ್ಕೆ ನೀನೇ ಮೊದಲು, ನಿನ್ನ ಪಕ್ಕ ಕೂತು ನಕಲು ಹೊಡೆದವಳು ನಾನು. ಒಂದು ಬಟ್ಟೆ ಒಗೆಯುವ ಸೋಮವಾರವನ್ನಾದರೂ ಬರೆದು ಕಳಿಸು. ಹಳೆಯದೆಲ್ಲ ಹಳೆಯದಾಯಿತು. ನನ್ನ ಅಪ್ಪ ಅಮ್ಮ ಹೋದರು, ನಿನ್ನವರೂ ಈಗ ಇರಲಿಕ್ಕಿಲ್ಲ. ದೊಡ್ಡವರ ಜಗಳ ದೊಡ್ಡವರ ಜೊತೆ ಹೋಗಲಿ.

ನಿನ್ನ,
ಆಡ್ರಿ


ಕೊರಿಮಾಲ್, ನ್ಯೂ ಸೌತ್ ವೇಲ್ಸ್, ಆಸ್ಟ್ರೇಲಿಯಾ
೯ ಮಾರ್ಚ್ ೧೯೯೮

ಪ್ರೀತಿಯ ಆಡ್ರಿ,

ನಿನ್ನ ಕಾಗದ ಕೈಗೆ ಬಂದಾಗ ನಾನು ಅಂಚೆಪೆಟ್ಟಿಗೆಯ ಹತ್ತಿರವೇ ಬಿಸಿಲಿನಲ್ಲಿ ನಿಂತು ಮೂರು ಸಲ ಓದಿದೆ. ತಲೆ ಸುಡುತ್ತಿತ್ತು. ಒಳಗೆ ಹೋಗಬೇಕೆಂದು ತೋಚಲಿಲ್ಲ.

ಸೋಮವಾರ ಕೇಳಿದೆಯಲ್ಲ, ತಗೋ. ಹಿಂದಿನ ಓಣಿಯ ಈ ಗೋಡೆಯಿಂದ ಆ ಗೋಡೆಗೆ ಹಗ್ಗ, ಹಗ್ಗದ ತುಂಬ ಇಡೀ ಸಾಲಿನ ಹಾಸಿಗೆ ಬಟ್ಟೆ. ಸರಿಯಾಗಿ ಅದೇ ಹೊತ್ತಿಗೆ ಕಲ್ಲಿದ್ದಲಿನ ಗಾಡಿ. ಸೋಮವಾರ ಬರಬೇಡವೋ ಎಂದು ಎಷ್ಟು ಸಲ ಹೇಳಿದರೂ ಆ ಗಾಡಿಯವನು ಸೋಮವಾರವೇ ಬರುತ್ತಿದ್ದ. ನಮ್ಮಮ್ಮ ಸೊಂಟಕ್ಕೆ ಕೈ ಕೊಟ್ಟು ಓಣಿಯ ನಡುವೆ ನಿಂತು, “ಇನ್ನೊಂದ್ ಹೆಜ್ಜೆ ಮುಂದೆ ಬಂದ್ಯೋ, ನಿನ್ ಕುದ್ರೆಗೂ ಲಂಗ ಉಡಿಸಿ ಕಳಿಸ್ತೀನಿ!” ಎಂದು ಕೂಗಿದ್ದು ನೆನಪಿದೆಯೆ? ನಿಮ್ಮಮ್ಮ ಆಚೆಯಿಂದ, “ಅವನಿಗೂ ಒಂದು ಉಡ್ಸೇ, ಚಳಿಯಿದೆ!” ಎಂದದ್ದು? ಕುದುರೆ ಮಾತ್ರ ನಿಮ್ಮ ಮನೆಯ ದಿಂಬಿನ ಚೀಲ ಜಗಿಯುತ್ತ ನಿಂತಿತ್ತು.

ಗಣಿಯಿಂದ ಬಂದ ಗಂಡಸರು ಒಲೆಯ ಮುಂದಿನ ತಗಡಿನ ತೊಟ್ಟಿಯಲ್ಲಿ ಕೂತು ಎಲ್ಲ ತೊಳೆದುಕೊಂಡರೂ ಬೆನ್ನು ಮಾತ್ರ ತೊಳೆಯಗೊಡುತ್ತಿರಲಿಲ್ಲ, ಬೆನ್ನು ತೊಳೆದರೆ ಬಲ ಹೋಗುತ್ತದೆಂದು. ಅದನ್ನೂ ಬರೆದಿದ್ದೇನೆ. ೧೯೫೬ರ ವಸಂತದಲ್ಲಿ ಸುರಂಗದ ಚಾವಣಿ ನಿಮ್ಮಪ್ಪನ ಸೊಂಟದ ಮೇಲೆ ಕುಸಿದ ದಿನವನ್ನೂ ಬರೆದಿದ್ದೇನೆ. ಮೂರನೇ ಸಾಲಿನ ಹೆಂಗಸರೆಲ್ಲ ಬಾಗಿಲಲ್ಲಿ ನಿಂತಿದ್ದೆವು. ನಮ್ಮಪ್ಪ ಅವನನ್ನು ಬರಿಗೈಯಲ್ಲಿ ಬಗೆದು ಹೊರತೆಗೆದು, ಬೆರಳಿನ ಉಗುರಿಲ್ಲದೆ ಮನೆಗೆ ಬಂದ. ಗಣಿಯೊಳಗೆ ಅವರಿಬ್ಬರೂ ಹದಿನಾಲ್ಕನೇ ವಯಸ್ಸಿನಿಂದ ಜೋಡಿ. ಒಬ್ಬ ಕಲ್ಲಿದ್ದಲು ಕಡಿದರೆ ಇನ್ನೊಬ್ಬ ಆಧಾರದ ಕಂಬ ನಿಲ್ಲಿಸಬೇಕು. ಅದನ್ನು ಖಂಡಿತ ಹಾಕು.

ಇಲ್ಲಿ ನನ್ನ ಮೊಮ್ಮಗಳಿಗೆ ಲೀಕು ಎಂದರೆ ಅಂಗಡಿಯಲ್ಲಿ ಸಿಗುವ ಬೆರಳು ದಪ್ಪದ ಈರುಳ್ಳಿ ಸೊಪ್ಪು. ನಮ್ಮೂರಿನವರು ಬೆಳೆಯುತ್ತಿದ್ದ ಲೀಕು ನಿನ್ನ ತೊಡೆಗಿಂತ ದಪ್ಪ ಇರುತ್ತಿತ್ತು ಎಂದರೆ, “ಅಜ್ಜಿ, ಸುಳ್ಳು ಹೇಳ್ಬೇಡ” ಅನ್ನುತ್ತಾಳೆ.

ಪುಸ್ತಕದಲ್ಲಿ ಲೀಕಿನ ಮಾತು ಬರುತ್ತದೆಯೆ? ಸುಮ್ಮನೆ ಕೇಳಿದೆ.

ನೋರಾ


ಬಿಷಪ್ ಆಕ್ಲೆಂಡ್
೨ ಏಪ್ರಿಲ್ ೧೯೯೮

ಪ್ರೀತಿಯ ನೋರಾ,

ಕುದುರೆಗೆ ಲಂಗ ಉಡಿಸುವ ಸಾಲನ್ನು ಓದಿದಾಗ ಲೈಬ್ರರಿಯವಳು ಬಂದು ಬಾಯಿ ಮುಚ್ಚಿ ಎಂದಳು. ಜಾಕಿಗೆ ನಗು ತಡೆಯದೆ ಕೃತಕ ಹಲ್ಲು ಕೈಗೆ ಬಂತು. ನಿನ್ನ ಬರಹವೇ ಮೊದಲ ಅಧ್ಯಾಯ, ಅದರಲ್ಲಿ ಎರಡು ಮಾತಿಲ್ಲ.

ಲೀಕಿನ ಮಾತು ಬರುತ್ತದೆಯೆ ಎಂದು ಕೇಳಿದ್ದೀಯ. ಲೀಕಿಲ್ಲದೆ ಡರಮ್ ಗಣಿಯೂರಿನ ಪುಸ್ತಕ ಉಂಟೆ? ಮುಚ್ಚುಮರೆ ಯಾಕೆ, ಬರೆದದ್ದನ್ನೇ ಇಲ್ಲಿ ಇಳಿಸುತ್ತೇನೆ:

“ಹೊರಗಿನವರಿಗೆ ಲೀಕು ಈರುಳ್ಳಿಯ ಅಣ್ಣ, ವಿಕನ್‌ಲಾದವರಿಗೆ ಮನೆಮಗ. ಅದಕ್ಕೆ ಏನು ಗೊಬ್ಬರ ಹಾಕುತ್ತೇನೆಂದು ಗಂಡ ಹೆಂಡತಿಗೂ ಹೇಳುತ್ತಿರಲಿಲ್ಲ. ಸೆಪ್ಟೆಂಬರಿನಲ್ಲಿ ಗಣಿಗಾರರ ಕ್ಲಬ್ಬಿನ ಲೀಕು ಪ್ರದರ್ಶನಕ್ಕೆ ವಾರವಿರುವಾಗ ಸಮಿತಿಯವರು ತೋಟಕ್ಕೇ ಬಂದು ಎಲೆಯ ಮೇಲೆ ರಬ್ಬರ್ ಮುದ್ರೆ ಒತ್ತುತ್ತಿದ್ದರು. ಮುದ್ರೆ ಬಿದ್ದ ಮೇಲೆ ಬೇರೆ ಲೀಕು ತರುವಂತಿಲ್ಲ. ಆಮೇಲೆ ಹಗಲಿರುಳು ಕಾವಲು. ಆರು ವರ್ಷ ಬಿಡದೆ ಮೊದಲ ಬಹುಮಾನ ಗೆದ್ದ ವಿಲ್ಫ್ ಸ್ಟೋಬರ್ಟ್ ೧೯೫೬ರಲ್ಲಿ ಸೊಂಟ ಮುರಿದುಕೊಂಡಿದ್ದರಿಂದ, ಅವನ ಮೂರು ಲೀಕುಗಳ ಕಾವಲಿಗೆ ಅವನ ಜೋಡಿಗಾರನೇ ತೋಟದ ಗುಡಿಸಲಲ್ಲಿ ಕೂತ. ಪ್ರದರ್ಶನದ ದಿನ ಬೆಳಗಾಗುವಷ್ಟರಲ್ಲಿ ಮೂರನ್ನೂ ಯಾರೋ ಕತ್ತರಿಸಿಹಾಕಿದ್ದರು. ಕಾವಲಿನವನ ಚಾಕುವಿನಲ್ಲಿ ಲೀಕಿನ ವಾಸನೆಯಿತ್ತು. ಅವನು ಜೇಬು ಉಬ್ಬಿಸಿಕೊಂಡು ಹಿಂದಿನ ಓಣಿಯಲ್ಲಿ ಹೋಗುವುದನ್ನು ಕಂಡವರಿದ್ದರು. ಸಮಿತಿ ಕೇಳಿದರೆ ಹೌದೆನ್ನಲಿಲ್ಲ, ಇಲ್ಲವೆನ್ನಲಿಲ್ಲ. ನಾಲ್ಕು ತಿಂಗಳಲ್ಲಿ ಸಂಸಾರ ಸಮೇತ ಊರು ಬಿಟ್ಟ.”

ನಿಮ್ಮಪ್ಪನ ಹೆಸರು ಹಾಕಿಲ್ಲ ನೋಡು. ಜಾಕಿ, “ಹಾಕೇ ಕೂಸೇ, ಸತ್ತೋನಿಗೆ ಯಾವ ನಾಚಿಕೆ?” ಎಂದ. ನಾನು ಒಪ್ಪಲಿಲ್ಲ. ನನ್ನಪ್ಪ ಸಾಯುವತನಕ ನಿಮ್ಮಪ್ಪನ ಬಗ್ಗೆ ಒಂದು ಕೆಟ್ಟ ಮಾತಾಡಿದವನಲ್ಲ. ಕ್ಲಬ್ಬಿನಲ್ಲಿ ಯಾರಾದರೂ ಆ ಹೆಸರೆತ್ತಿ ಬೈದರೆ ಎದ್ದು ಬರುತ್ತಿದ್ದ. ಅಷ್ಟು ದೊಡ್ಡ ಮನಸ್ಸು ಅವನದು. ಆ ಮನಸ್ಸಿನ ಒಂದು ತುಣುಕಾದರೂ ನನಗೆ ಬರಲಿ ಎಂದೇ ಹೆಸರು ಬಿಟ್ಟೆ.

ಆಡ್ರಿ


ಕೊರಿಮಾಲ್
೩೦ ಏಪ್ರಿಲ್ ೧೯೯೮

ಆಡ್ರಿ,

ನನ್ನ ಸೋಮವಾರದ ಬರಹವನ್ನು ಪುಸ್ತಕದಿಂದ ತೆಗೆದುಬಿಡು. ಚಾವಣಿ ಕುಸಿದ ದಿನದ್ದನ್ನೂ ತೆಗೆದುಬಿಡು.

ಹೆಸರು ಬಿಟ್ಟಿದ್ದೇನೆ ಎಂದು ಬರೆದಿದ್ದೀಯ. ವಿಲ್ಫ್ ಸ್ಟೋಬರ್ಟ್‌ನ ಜೋಡಿಗಾರ ಯಾರೆಂದು ಗೊತ್ತಿಲ್ಲದ ಒಬ್ಬನನ್ನು ಆ ಜಿಲ್ಲೆಯಲ್ಲಿ ತೋರಿಸು.

ನೋರಾ


ಬಿಷಪ್ ಆಕ್ಲೆಂಡ್
೧೮ ಮೇ ೧೯೯೮

ನೋರಾ,

ನಿನ್ನ ನಾಲ್ಕು ಸಾಲು ನನಗೆ ಚುಚ್ಚಿದವು. ಸಮಾಧಾನ ಮಾಡಿಕೊಂಡು ಬರೆಯೋಣವೆಂದು ಹತ್ತು ದಿನ ಬಿಟ್ಟೆ, ಸಮಾಧಾನವಾಗಲಿಲ್ಲ, ಹಾಗೇ ಬರೆಯುತ್ತಿದ್ದೇನೆ.

ನಾನೇನು ಇಲ್ಲದ್ದನ್ನು ಹುಟ್ಟಿಸಿದೆನೆ? ನಾಲ್ಕು ಮಂದಿ ಹಿರಿಯರು ಬೇರೆ ಬೇರೆ ಕೂತು ಹೇಳಿದ್ದು ಒಂದೇ ಕತೆ. ಹೆಸರು ಹೇಳದಿದ್ದರೂ ನಿನಗೆ ಉರಿಯಿತು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡಂತಾಯಿತು. ಅಪ್ಪ ಮಾಡಿದ್ದಕ್ಕೆ ಮಗಳು ತಲೆ ತಗ್ಗಿಸಬೇಕಿಲ್ಲ, ನೋರಾ. ನಿನ್ನ ಮೇಲೆ ಯಾರಿಗೂ ಕೋಪವಿಲ್ಲ. ಆದರೆ ನಡೆದದ್ದನ್ನು ನಡೆದಿಲ್ಲವೆನ್ನಲು ನನ್ನಿಂದಾಗದು.

ನನ್ನಪ್ಪನನ್ನು ನೀನು ಆಮೇಲೆ ನೋಡಲಿಲ್ಲ. ಸೊಂಟ ಮುರಿದವನನ್ನು ಗಣಿಯ ಮೇಲೆ, ಮುದುಕರ ಸಾಲಿನಲ್ಲಿ ಕಲ್ಲಿದ್ದಲಿನಿಂದ ಕಲ್ಲು ಆರಿಸಲು ನಿಲ್ಲಿಸಿದ್ದರು. ಊರಿನಲ್ಲೇ ಎಲ್ಲರಿಗಿಂತ ಗಟ್ಟಿಯಾಗಿ ಕಲ್ಲಿದ್ದಲು ಕಡಿಯುತ್ತಿದ್ದವನು ಅಪ್ಪ. ಅವನಿಗೆ ಉಳಿದಿದ್ದ ಮರ್ಯಾದೆ ಆ ಮೂರು ಲೀಕು ಮಾತ್ರ. ಆಮೇಲೆ ಜನ್ಮದಲ್ಲಿ ಲೀಕು ನೆಡಲಿಲ್ಲ. ಸೇವಂತಿಗೆ ಬೆಳೆದ. ಸೆಪ್ಟೆಂಬರ್ ಬಂದರೆ ಗೋಡೆಯ ಕಡೆ ತಿರುಗಿ ಮಲಗುತ್ತಿದ್ದ. ಎಪ್ಪತ್ತೊಂಬತ್ತರಲ್ಲಿ ತೀರಿಕೊಂಡ. ಅವನ ಆ ಮುಖ ನೋಡಿ ಬೆಳೆದವಳು ನಾನು. ಅದನ್ನು ಬರೆಯುವ ಹಕ್ಕು ನನಗಿಲ್ಲವೆ?

ಸೆಪ್ಟೆಂಬರಿನಲ್ಲಿ ಅಚ್ಚಿಗೆ ಹೋಗುತ್ತದೆ. ಹೇಳಬೇಕಾದ್ದು ಏನಾದರೂ ಇದ್ದರೆ ಹೇಳು. ಇಲ್ಲದಿದ್ದರೆ ಬರೆದದ್ದು ಬರೆದ ಹಾಗೇ ಇರುತ್ತದೆ.

ಆಡ್ರಿ


ಕೊರಿಮಾಲ್
೧೦ ಜೂನ್ ೧೯೯೮

ಆಡ್ರಿ,

ಹೇಳು ಎಂದೆ. ಹೇಳುತ್ತೇನೆ. ಕೂತು ಓದು.

ಮೊದಲನೆಯ ಮಾತು, ನೀನು ಕೇಳಲಿಲ್ಲ, ನಾನೂ ಹೇಳಲಿಲ್ಲ. ಅಪ್ಪ ಬದುಕಿದ್ದಾನೆ. ಎಂಬತ್ತನಾಲ್ಕು ವರ್ಷ. ಅಮ್ಮ ಹೋದ ಮೇಲೆ ಇಲ್ಲೇ ಹತ್ತಿರದ ವೃದ್ಧಾಶ್ರಮದಲ್ಲಿದ್ದಾನೆ. ಕಾಲು ನಡೆಯುವುದಿಲ್ಲ, ತಲೆ ನಡೆಯುತ್ತದೆ. ನಿನ್ನ ಮೊದಲ ಕಾಗದವನ್ನು ಕುಣಿಯುತ್ತ ತೆಗೆದುಕೊಂಡು ಹೋಗಿ ಓದಿ ಹೇಳಿದೆ. ಅಂದಿನಿಂದ ನಾನು ಹೋದಾಗಲೆಲ್ಲ ಕೇಳುವುದು ಒಂದೇ. “ಪುಸ್ತಕ ಬಂತೇನೆ? ನಮ್ಮ ಹೆಸರಿದ್ಯಾ ಅದ್ರಲ್ಲಿ?” ನಿನ್ನ ಏಪ್ರಿಲ್ ಕಾಗದವನ್ನು ನಾನು ಓದಿ ಹೇಳಿಲ್ಲ. ಇನ್ನೂ ಬಂದಿಲ್ಲಪ್ಪ, ಅಂಚೆ ನಿಧಾನ ಎಂದು ಸುಳ್ಳು ಹೇಳುತ್ತಿದ್ದೇನೆ.

ಈಗ ಪ್ರದರ್ಶನದ ಆ ಶನಿವಾರ ಬೆಳಗ್ಗೆ. ಅಮ್ಮ ಎದ್ದಿರಲಿಲ್ಲ, ನಾನು ಒಲೆ ಹೊತ್ತಿಸುತ್ತಿದ್ದೆ. ಅಪ್ಪ ಹಿಂಬಾಗಿಲಿನಿಂದ ಬಂದು ಕೋಟಿನ ಜೇಬಿನಿಂದ ಮೂರು ದಂಟು ತೆಗೆದು ಬೆಂಕಿಗೆ ಹಾಕಿದ. ಹೆಬ್ಬೆರಳು ದಪ್ಪ, ಗಟ್ಟಿ, ತುದಿಯಲ್ಲಿ ಮೊಗ್ಗು. ಹದಿಮೂರು ವರ್ಷದ ವಿಕನ್‌ಲಾ ಹುಡುಗಿಗೆ ಅದು ಏನೆಂದು ಯಾರಾದರೂ ಹೇಳಿಕೊಡಬೇಕಿತ್ತೆ? ಹೂದಂಟು. ಲೀಕು ಬೀಜಕ್ಕೆ ಹೋದರೆ ಹೊಟ್ಟೆಯೊಳಗೆ ಏಳುವ ದಂಟು. ಹೊರಗೆ ಮೊದಮೊದಲು ಏನೂ ಕಾಣಿಸುವುದಿಲ್ಲ, ಒತ್ತಿದ ಕೈಗೆ ಮಾತ್ರ ಗಟ್ಟಿ ಸಿಗುತ್ತದೆ. ತೀರ್ಪುಗಾರ ಒತ್ತಿ ನೋಡಿ ಮೇಜಿನಿಂದ ಕೆಳಗಿಳಿಸುತ್ತಾನೆ, ಇಡೀ ಕ್ಲಬ್ಬು ನಗುತ್ತದೆ. ಬೀಜಕ್ಕೆ ಹೋದ ಲೀಕು ತಂದವನನ್ನು ನಮ್ಮೂರಿನಲ್ಲಿ ಸಾಯುವತನಕ ಯಾವ ಅಡ್ಡಹೆಸರಿಟ್ಟು ಆಡಿಕೊಳ್ಳುತ್ತಿದ್ದರೆಂದು ನಿನಗೂ ಗೊತ್ತು.

“ಯಾರದಪ್ಪಾ ಅವು?” ಎಂದೆ.

“ನೀನೇನೂ ನೋಡ್ಲಿಲ್ಲ ಕೂಸೇ. ಬೆಂಕಿ ಜೋರು ಮಾಡು.”

ಹಸಿ ದಂಟು ಉರಿಯಲೊಲ್ಲದೆ ಸುಯ್ಯೆಂದು ನೊರೆ ಕಾರುತ್ತಿತ್ತು. ಅಪ್ಪ ಅವು ಬೂದಿಯಾಗುವತನಕ ಒಲೆಯ ಮುಂದಿನಿಂದ ಏಳಲಿಲ್ಲ. ಅವನ ಲೀಕುಗಳು ನಮ್ಮ ತೋಟದಲ್ಲಿ ನೆಟ್ಟಗೆ ನಿಂತಿದ್ದವು. ಹಾಗಾದರೆ ಆ ದಂಟು ಯಾರ ತೋಟದ್ದು?

ನಿಮ್ಮಪ್ಪ ತನ್ನ ಲೀಕನ್ನು ತಾನೇ ಕತ್ತರಿಸಿದ, ಆಡ್ರಿ. ನಗೆಪಾಟಲಾಗುವುದಕ್ಕಿಂತ ಯಾರೋ ಹೊಟ್ಟೆಕಿಚ್ಚಿಗೆ ಕಡಿದರು ಅನ್ನಿಸಿಕೊಳ್ಳುವುದು ಅವನಿಗೆ ಮೇಲಾಯಿತು. ನಮ್ಮಪ್ಪ ಕಾವಲಿನಲ್ಲಿ ಕೂತು ನೋಡಿದ. ಕತ್ತರಿಸಿದ ಲೀಕಿನೊಳಗೆ ದಂಟು ಯಾರ ಕಣ್ಣಿಗೂ ಬೀಳದಿರಲೆಂದು ಕಿತ್ತು ತಂದು ಸುಟ್ಟ. ಜೇಬು ಉಬ್ಬಿದ್ದು ಅದಕ್ಕೆ, ಚಾಕು ನಾರಿದ್ದು ಅದಕ್ಕೆ. ಎತ್ತಿಗೆ ಜ್ವರ ಬಂತು, ಎಮ್ಮೆಗೆ ಬರೆ ಬಿತ್ತು.

ಆಮೇಲಿನದು ನಿನಗೆ ಗೊತ್ತು. ಗಣಿಗಿಳಿಯುವ ತೊಟ್ಟಿಲಿಗೆ ಅಪ್ಪ ಹತ್ತಿದರೆ ಉಳಿದವರು ಇಳಿದುಬಿಡುತ್ತಿದ್ದರು. ಅಮ್ಮ ಗೋಡೆ ಬಡಿದರೆ ನಿಮ್ಮ ಕಡೆಯಿಂದ ಸದ್ದಿಲ್ಲ. ಶಾಲೆಯಲ್ಲಿ ನನ್ನ ಪಕ್ಕದ ಜಾಗ ಖಾಲಿಯಾಯಿತು. ಜನವರಿಯಲ್ಲಿ ನಾವು ಹಡಗು ಹತ್ತಿದೆವು. ತನ್ನನ್ನು ಬರಿಗೈಯಲ್ಲಿ ಬಗೆದು ಬದುಕಿಸಿದವನನ್ನು ಊರು ಉಗಿಯುತ್ತಿದ್ದರೆ ನಿಮ್ಮಪ್ಪ ತುಟಿ ಬಿಚ್ಚಲಿಲ್ಲ. 'ದೊಡ್ಡ ಮನಸ್ಸು' ಎಂದು ಬರೆದೆಯಲ್ಲ, ಅದನ್ನು ಓದಿಯೇ ನನ್ನ ಬರಹ ತೆಗೆದುಬಿಡು ಎಂದದ್ದು. ನಾನು ಅವನನ್ನು ಕ್ಷಮಿಸಿಲ್ಲ.

ಇದನ್ನು ಅಪ್ಪನಿಗೆ ಹೇಳದೆ ಬರೆಯುತ್ತಿದ್ದೇನೆ. ಅವನು ಇವತ್ತಿನವರೆಗೂ ನನ್ನ ಹತ್ತಿರವೂ ಬಾಯಿ ಬಿಟ್ಟಿಲ್ಲ. ನಿನ್ನ ಪುಸ್ತಕ ಅವನ ಕೈಗೆ ಬರುತ್ತದೆ, ಅವನು ಅದರಲ್ಲಿ ತನ್ನನ್ನು ಹುಡುಕುತ್ತಾನೆ. ಏನು ಸಿಗಬೇಕೆಂದು ನೀನು ತೀರ್ಮಾನಿಸು.

ನೋರಾ


ಕೊರಿಮಾಲ್
೨೦ ಆಗಸ್ಟ್ ೧೯೯೮

ಆಡ್ರಿ,

ಹತ್ತು ವಾರವಾಯಿತು. ಬೈದಾದರೂ ಬರೆಯುತ್ತೀಯೆಂದುಕೊಂಡಿದ್ದೆ.

ಅಪ್ಪನಿಗೆ ಇಲ್ಲಿನ ಚಳಿಗಾಲದಲ್ಲಿ ಎದೆ ಕಟ್ಟಿತು, ಈಗ ಕುರ್ಚಿಯಿಂದ ಹಾಸಿಗೆಗೆ ಬಂದಿದ್ದಾನೆ. ಪುಸ್ತಕ ಕೇಳುವುದನ್ನು ಬಿಟ್ಟಿಲ್ಲ. ಅಚ್ಚಾಯಿತೋ ಇಲ್ಲವೋ ಅಷ್ಟು ಹೇಳು. ಆಗಿದ್ದರೆ ಅವನಿಗೆ ಬೇರೇನಾದರೂ ಸುಳ್ಳು ಹುಡುಕಬೇಕು.

ನೋರಾ


ಬಿಷಪ್ ಆಕ್ಲೆಂಡ್
೫ ಸೆಪ್ಟೆಂಬರ್ ೧೯೯೮

ಪ್ರೀತಿಯ ನೋರಾ,

ಅಚ್ಚಾಗಿಲ್ಲ.

ನಿನಗೆ ಮೂರು ಕಾಗದ ಬರೆದು ಹರಿದೆ. ಮೊದಲನೆಯದರಲ್ಲಿ ನಿನ್ನನ್ನು ಸುಳ್ಳಿ ಎಂದಿದ್ದೆ. ಎರಡನೆಯದರಲ್ಲಿ ನಿಮ್ಮಪ್ಪನನ್ನು ಸುಳ್ಳ ಎಂದಿದ್ದೆ. ಮೂರನೆಯದರಲ್ಲಿ ಏನಿತ್ತೋ, ಬರೆಯುತ್ತಲೇ ಅಳು ಬಂತು.

ಹೋದ ವಾರ ಸಂತೆಯಲ್ಲಿ ಲೀಕು ತಂದಿದ್ದೆ. ನಲ್ಲಿಯ ಕೆಳಗೆ ತೊಳೆಯುತ್ತಿದ್ದವಳ ಕೈ ನಿಂತುಹೋಯಿತು. ಯಾಕೆಂದು ಹೇಳುತ್ತೇನೆ. ಪ್ರದರ್ಶನದ ಮರುದಿನ ಭಾನುವಾರ, ಆ ಕತ್ತರಿಸಿಹಾಕಿದ್ದ ಲೀಕುಗಳನ್ನೇ ಹಿಟ್ಟಿನಲ್ಲಿ ಸುತ್ತಿ ಅಮ್ಮ ಪುಡಿಂಗ್ ಬೇಯಿಸಿದಳು. ನಮ್ಮೂರಿನಲ್ಲಿ ಯಾರು ಯಾವುದನ್ನು ಬಿಸಾಡುತ್ತಿದ್ದರು? ತೊಳೆಯುವ ಕೆಲಸ ನನ್ನದು. ಮೂರು ಲೀಕಿಗೂ ನಡು ಇರಲಿಲ್ಲ. ಬರೀ ತೂತು.

“ಅಮ್ಮಾ, ಇದರೊಳಗಿಂದು ಎಲ್ಲಿ?” ಎಂದು ಕೇಳಿದೆ. ಅಮ್ಮ ತಲೆಗೊಂದು ಬಿಟ್ಟಳು. “ತೊಳಿ ಅಂದ್ರೆ ತೊಳಿ. ಎಲ್ಲಾದಕ್ಕೂ ಬಾಯಿ ಹಾಕ್ಬೇಡ.” ಅಪ್ಪ ಆ ಪುಡಿಂಗ್ ಮುಟ್ಟಲಿಲ್ಲ. ದುಃಖ ಎಂದುಕೊಂಡೆ. ಆ ತೂತು ಇಷ್ಟು ವರ್ಷ ನನ್ನ ತಲೆಯಲ್ಲೇ ಇತ್ತು ನೋರಾ, ನಾನು ಅದರ ಕಡೆ ನೋಡಿರಲಿಲ್ಲ. ಹೊಟ್ಟೆಕಿಚ್ಚಿಗೆ ಕಡಿಯುವವನು ಕಡಿದು ಓಡುತ್ತಾನೆ. ಕೂತು ನಡು ಬಿಡಿಸಿಕೊಂಡು ಹೋಗುವುದಿಲ್ಲ.

ನನಗೆ ಅಪ್ಪನ ಮೇಲೆ ಸಿಟ್ಟು ಬಂತು. ಬದುಕಿದ್ದವರ ಮೇಲಾದರೆ ಕೂಗಾಡಬಹುದು, ಸತ್ತವರ ಮೇಲಿನ ಸಿಟ್ಟನ್ನು ಎಲ್ಲಿಗೆ ಒಯ್ಯುವುದು? ಮರುದಿನ ಬಸ್ಸು ಹಿಡಿದು ವಿಕನ್‌ಲಾಕ್ಕೆ ಹೋದೆ. ತೋಟವಿದ್ದ ಜಾಗ ಗುರುತು ಹಿಡಿದೆ. ಬೈಯಬೇಕೆಂದು ಹೋದವಳು, ಕಲ್ಲು ಆರಿಸುವ ಕೆಲಸ ಮುಗಿಸಿ ಕುಂಟುತ್ತ ಬಂದು ಲೀಕಿನ ಎಲೆ ಒರೆಸುತ್ತಿದ್ದ ಅವನನ್ನು ನೆನೆದು ಸುಮ್ಮನೆ ಬಂದುಬಿಟ್ಟೆ. ನನಗೆ ಅವನು ಬೇಕು ನೋರಾ, ಮಾಡಿದ್ದು ಮಾತ್ರ ಬೇಡ.

ಮಂಗಳವಾರದವರಿಗೆ ಲೀಕಿನ ಅಧ್ಯಾಯ ತಡೆಹಿಡಿದಿದ್ದೇನೆ ಎಂದಷ್ಟೇ ಹೇಳಿದೆ, ಕಾರಣ ಹೇಳಲಿಲ್ಲ. “ಲೀಕಿಲ್ದೆ ವಿಕನ್‌ಲಾ ಪುಸ್ತಕನಾ? ಉಪ್ಪಿಲ್ದೆ ಆಲೂಗಡ್ಡೆ ತಿನ್ನು ಅಂದಂಗಾಯ್ತು!” ಎಂದು ಜಾಕಿ ಹಾರಾಡಿದ. ಹೊಸದಾಗಿ ಬರೆದಿದ್ದೇನೆ, ಚಿಕ್ಕದಾಗಿದೆ:

“೧೯೫೬ರ ಸೆಪ್ಟೆಂಬರಿನಲ್ಲಿ ನನ್ನ ಅಪ್ಪ ವಿಲ್ಫ್ ಸ್ಟೋಬರ್ಟ್ ತನ್ನ ಲೀಕುಗಳನ್ನು ತಾನೇ ಕತ್ತರಿಸಿದ. ಅವು ಬೀಜಕ್ಕೆ ಹೋಗಿದ್ದವು. ಕಾವಲಿಗೆ ಕೂತಿದ್ದ ಅವನ ಜೋಡಿಗಾರ ನಾರ್ಮನ್ ಕೌಲ್ಸನ್ ಅದನ್ನು ಯಾರಿಗೂ ತಿಳಿಯಗೊಡದೆ ತಪ್ಪನ್ನು ತಾನೇ ಹೊತ್ತ. ಊರು ಅವನನ್ನು ಹೊರಹಾಕಿತು. ತಪ್ಪು ಮಾಡಿದ್ದು ಊರು.”

ಇದನ್ನು ನಾರ್ಮನ್ ಮಾಮನಿಗೆ ಓದಿ ಹೇಳು. ಅವನು ಹೂಂ ಅಂದರೆ ಅಚ್ಚಿಗೆ. ಅಚ್ಚಿನವನನ್ನು ಅಕ್ಟೋಬರಿನವರೆಗೆ ಹಿಡಿದಿಟ್ಟಿದ್ದೇನೆ. ನಿನ್ನ ಸೋಮವಾರವನ್ನು ತೆಗೆಯಲು ನನಗೆ ಕೈ ಬರಲಿಲ್ಲ, ಅದು ಇನ್ನೂ ಮೊದಲಲ್ಲೇ ಇದೆ. ಶಾಲೆಯಲ್ಲಿ ನಿನ್ನ ಪಕ್ಕದ ಜಾಗ ನಾನು ಖಾಲಿ ಮಾಡಬಾರದಿತ್ತು.

ಆಡ್ರಿ


ಕೊರಿಮಾಲ್
೨೪ ಸೆಪ್ಟೆಂಬರ್ ೧೯೯೮

ಪ್ರೀತಿಯ ಆಡ್ರಿ,

ಓದಿ ಹೇಳಿದೆ. ಸಂತೋಷಪಡುತ್ತಾನೆಂದುಕೊಂಡಿದ್ದೆ. ಅಪ್ಪ ನನ್ನ ಕಡೆ ನೋಡಿದ ನೋಟಕ್ಕೆ ನಾನು ಮತ್ತೆ ಹದಿಮೂರು ವರ್ಷದವಳಾದೆ. “ನಿನಗ್ಯಾರು ಹೇಳು ಅಂದ್ರು?” ಎಂದ. ಎರಡು ದಿನ ಊಟದ ತಟ್ಟೆ ತಳ್ಳಿದ. ನರ್ಸುಗಳು ಡಾಕ್ಟರನ್ನು ಕರೆಸಿದರು. ಮೂರನೆಯ ದಿನ ನಾನು ಹೋದ ಕೂಡಲೇ, “ಪೆನ್ ತಗೋ. ನಾನು ಹೇಳಿದ್ದು ಹೇಳಿದ ಹಾಗೇ ಬರಿ, ನಿನ್ ಬಣ್ಣ ಬೆರೆಸ್ಬೇಡ” ಎಂದ. ಇಲ್ಲಿಂದ ಮುಂದಿನದು ಅವನ ಮಾತು. ನನ್ನದೇನೂ ಇಲ್ಲ.

ನೋರಾ


ಆಡ್ರಿ ಕೂಸೇ, ನಾನು ನಿನ್ ನಾರ್ಮನ್ ಮಾಮ. ನಮ್ ನೋರಾಗೆ ಬಾಯಿ ನಿಲ್ಲಲ್ಲ, ಅವಳಮ್ಮನ ಹಾಗೇ. ಸುಟ್ಟಿದ್ದು ನೋಡಿದ್ದಾಳೆ, ಉಳಿದದ್ದು ಅವಳಿಗೆ ಗೊತ್ತಿಲ್ಲ. ನಿನಗೂ ಗೊತ್ತಿಲ್ಲ.

ನಿಮ್ಮಪ್ಪ ನನ್ನ ತಲೆ ಮೇಲೆ ತಪ್ಪು ಹೊರಿಸ್ಲಿಲ್ಲ. ಸಮಿತಿಯವ್ರು ಬಂದಾಗ ಹೇಳೋಕೆ ಬಾಯಿ ತೆಗೆದ, ನಾನು ಅವನ ಕಾಲು ತುಳಿದೆ. ಅದೇ ದಿನ ಸಂಜೆ ನಮ್ಮ ಹಿಂಬಾಗಿಲಿಗೆ ಬಂದು, “ನಾರ್ಮನ್, ಕ್ಲಬ್ಬಿಗೆ ಹೋಗಿ ಎಲ್ಲಾ ಹೇಳ್ಬಿಡ್ತೀನಿ ಕಣೋ” ಅಂತ ಮಗು ಥರ ಅತ್ತ. “ಹೇಳಿ ನೋಡು, ಈ ಜನ್ಮದಲ್ಲಿ ನಿನ್ನ ಮಾತಾಡ್ಸಲ್ಲ” ಅಂದೆ. ಇಪ್ಪತ್ತೆಂಟು ವರ್ಷ ಜೋಡಿಯಾಗಿದ್ದವರು ನಾವು. ಕೆಳಗಿದ್ದಾಗ ನಾನು ಕಂಬ ಕೊಡು ಅಂದ್ರೆ ಅವನು ಯಾಕೆ ಅಂತ ಕೇಳ್ತಿರ್ಲಿಲ್ಲ. ಅವತ್ತೂ ಕೇಳ್ಲಿಲ್ಲ.

ಯಾಕೆ ತುಳಿದೆ ಅಂತೀಯಾ? ಜುಲೈನಲ್ಲೇ ನಾನು ನ್ಯೂಕಾಸಲ್‌ಗೆ ಹೋಗಿ ಆಸ್ಟ್ರೇಲಿಯಾಕ್ಕೆ ವಲಸೆ ಹೋಗೋ ಕಾಗದಕ್ಕೆ ಸಹಿ ಹಾಕಿ ಬಂದಿದ್ದೆ. ಹೆಂಡ್ತಿಗೂ ಹೇಳಿರ್ಲಿಲ್ಲ, ಅಳ್ತಾಳೆ ಅಂತ. ನೋರಾ ಪೆನ್ ಕೆಳಗಿಟ್ಟು ನನ್ ಮುಖ ನೋಡ್ತಿದ್ದಾಳೆ. ಬರಿಯೇ. ಏಪ್ರಿಲ್‌ನಲ್ಲಿ ವಿಲ್ಫನ್ನ ಕಲ್ಲಿನಡಿಯಿಂದ ತೆಗೆದ ಮೇಲೆ ನನಗೆ ಗಣಿಗಿಳಿಯೋಕೆ ಕಾಲು ಬರ್ತಿರ್ಲಿಲ್ಲ. ಭಯ. ಅದನ್ನ ಅಲ್ಲಿ ಯಾರಿಗೆ ಹೇಳೋದು? ದಿನಾ ಬೆವರ್ತಾ ಇಳೀತಿದ್ದೆ. ಇಲ್ಲಿಗೆ ಬಂದು ಉಕ್ಕಿನ ಕಾರ್ಖಾನೆ ಸೇರಿದೆ, ಭೂಮಿ ಮೇಲೆ.

ಊರು ಬಿಟ್ಟು ಹೋಗೋನಿಗೆ ಊರಲ್ಲಿ ಹೆಸರ್ಯಾಕೆ? ಇರೋನಿಗೆ ಬೇಕು. ಹಾಗೆ ಲೆಕ್ಕ ಹಾಕ್ದೆ. ನಾವು ಹಡಗು ಹತ್ತಿದ ಮೇಲೆ ಎರಡು ವರ್ಷದಲ್ಲಿ ಎಲ್ಲಾ ಮರೀತಾರೆ ಅಂದ್ಕೊಂಡೆ. ಅಲ್ಲೇ ನಾನು ಎಡವಿದ್ದು. ಮನುಷ್ಯನ್ನ ಕೊಂದಿದ್ರೆ ಮರೀತಿದ್ರೇನೋ. ಲೀಕು ಕತ್ತರಿಸಿದ್ದನ್ನ ವಿಕನ್‌ಲಾದವ್ರು ಮರೀತಾರಾ? ಆ ಮೂರ್ನಾಲ್ಕು ತಿಂಗಳು ನನ್ನ ಹೆಂಡ್ತಿ, ಈ ಹುಡುಗಿ ತಿಂದ ಉಗಿತ ನಾನು ಲೆಕ್ಕಕ್ಕೆ ಹಿಡಿದಿರ್ಲಿಲ್ಲ. ಅದಕ್ಕೆ ನಾನು ಹೊಣೆ, ನಿಮ್ಮಪ್ಪ ಅಲ್ಲ. ನೋರಾ, ಇದನ್ನ ನೀನೂ ಕೇಳಿಸ್ಕೋ.

ಈಗ ನಿನ್ ಪುಸ್ತಕ. ನನ್ ಹೆಸರು ತೊಳೆದು ಕೊಡ್ತೀನಿ ಅಂತ ಬರ್ದಿದ್ದೀಯ. ಬೇಡ ಅಂದ್ರೆ ಸುಳ್ಳಾಗುತ್ತೆ. ಆಸೆ ಇದೆ ಕೂಸೇ, ತುಂಬಾ ಆಸೆ ಇದೆ. ಆ ಆಸೆ ಬಂದಿದ್ದಕ್ಕೇ ಎರಡು ದಿನ ಊಟ ಸೇರ್ಲಿಲ್ಲ. ನಾರ್ಮನ್ ಕೌಲ್ಸನ್ ಕತ್ತರಿಸ್ಲಿಲ್ಲ ಅಂತ ಬರಿ. ಕತ್ತರಿಸಿದ್ದು ವಿಲ್ಫ್ ಅಂತಲೂ ಬರಿ, ಇಲ್ಲಾಂದ್ರೆ ಆ ಜಾಕಿ ಇನ್ಯಾರ ತಲೆಗಾದ್ರೂ ಕಟ್ತಾನೆ. ಯಾಕೆ ಕತ್ತರಿಸಿದ ಅಂತ ಯಾರಾದ್ರೂ ಕೇಳಿದ್ರೆ ಕುಡಿದಿದ್ದ ಅನ್ನು, ತಲೆ ಕೆಟ್ಟಿತ್ತು ಅನ್ನು, ನಿಮ್ಮಮ್ಮನ ಜೊತೆ ಜಗಳ ಆಡಿದ್ದ ಅನ್ನು. ಅದನ್ನೆಲ್ಲ ನಮ್ ಜನ ಹೊಟ್ಟೆಗೆ ಹಾಕ್ಕೋತಾರೆ.

ನೀನು ಬರ್ದಿದ್ದರಲ್ಲಿ ಎರಡನೇ ಸಾಲು ಒಂದು ತೆಗೆದ್ಬಿಡು. ವಿಲ್ಫ್ ಸ್ಟೋಬರ್ಟ್ ಲೀಕು ಬೀಜಕ್ಕೆ ಹೋಗಿತ್ತು ಅಂತ ಮಾತ್ರ ಅಚ್ಚು ಹಾಕ್ಬೇಡ. ಅದೊಂದು ಯಾರಿಗೂ ಗೊತ್ತಾಗ್ಬಾರ್ದು ಅಂತಾನೇ ಅಲ್ವಾ ನಾನು ಇಷ್ಟೆಲ್ಲ ಮಾಡಿದ್ದು.